ಗುಮಾಸ್ತನೇ ರಚಿಸಿಕೊಳ್ಳುವ ತಂತ್ರಾಂಶ

“ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲಗದ್ದೆಗಳ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು. ಗಣಕಯಂತ್ರವು ಕಛೇರಿ, ಅಂಗಡಿ, ಆಸ್ಪತ್ರೆಗಳನ್ನೆಲ್ಲ ಹೊಕ್ಕಿರುವ ಈ ಕಾಲದಲ್ಲಿ ಅದೇ ಗಾದೆಯು ಒಂದು ಹೊಸ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಗಣಕವಿದ್ಯೆಯನ್ನು ಓದಿಲ್ಲದ ಒಬ್ಬ ಗುಮಾಸ್ತನು ತನ್ನ ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ತಾನೇ ರಚಿಸಿಕೊಳ್ಳಬಹುದೆ? ಅಥವಾ ಅದನ್ನು ಆ ವಿದ್ಯೆಯಲ್ಲಿ ನುರಿತವರಿಗೇ ಬಿಡುವುದು ಲೇಸೆ? ನಾಳೆ ನೀವೆಲ್ಲರೂ ಯಾವುದಾದರೊಂದು ಉದ್ಯೋಗದಲ್ಲಿ ನೆಲೆಗೊಳ್ಳತಕ್ಕವರು. ಆದುದರಿಂದ ಈ ಪ್ರಶ್ನೆಯನ್ನು ಈಗಲೇ ವಿಚಾರಮಾಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲು ತಂತ್ರಾಂಶವೆಂದರೇನೆಂಬುದನ್ನು ತಿಳಿಯೋಣ. ಗಣಕಯಂತ್ರಕ್ಕೆ ಸ್ವಂತ ಬುದ್ಧಿಯೆಂಬುದಿಲ್ಲ. ಏನನ್ನು ಬರೆದಿಟ್ಟುಕೊಳ್ಳಬೇಕು, ಯಾವುದನ್ನು ಯಾವುದರಿಂದ ಗುಣಿಸಬೇಕು, ಯಾವಾಗ ಎಚ್ಚರಿಕೆಯನ್ನು ಕೊಡಬೇಕು ಎಂಬುದನ್ನೆಲ್ಲ ಅದಕ್ಕೆ ಒಂದೊಂದಾಗಿ ವಿಧಿಸಬೇಕು. ಹೀಗೆ ಕ್ರಮವಾಗಿ ವಿಧಿಸಿದ ಆಜ್ಞೆಗಳ ಸಮುದಾಯವೇ ತಂತ್ರಾಂಶ. ಈ ಆಜ್ಞೆಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ವಿದ್ಯೆಯನ್ನು ಕಲಿಯಲು ವರ್ಷಗಳೇ ಬೇಕು. ಆದರೆ ಯಾವ ಆಜ್ಞೆಯನ್ನು ಕೊಡಬೇಕೆಂಬ ತಿಳಿವಳಿಕೆ ಬೇರೆಯೇ ಆದುದು. ಅದು ಆ ಕೆಲಸವನ್ನು ದಿನವೂ ಮಾಡುವವನಲ್ಲಿ ಮಾತ್ರ ಇರುವುದು. ಒಬ್ಬನಿಗೆ ಬರೆಯಲು ಗೊತ್ತು, ಇನ್ನೊಬ್ಬನಿಗೆ ವಿಷಯ ಗೊತ್ತು. ಎಲ್ಲ ತೊಡಕುಗಳಿಗೂ ಮೂಲ ಇಲ್ಲಿಯೇ ಇದೆ.

ನಮ್ಮ ನಗರದ ರಾಯಪುರಂನಿಂದಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಕಾಸಿಮೇಡು ಮೀನುಗಾರಿಕೆ ಬಂದರನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕಡಲಿಗೆ ಹೊರಡುವ ಯಂತ್ರದೋಣಿಗಳು ಹಿಡಿದ ಮೀನು ಕೆಡದಂತೆ ಐಸ್ ಗಡ್ಡೆಗಳನ್ನು ತುಂಬಿಸಿಕೊಂಡು ಹೋಗುತ್ತವೆ. ಹಾಗೆ ಐಸ್ ಮಾರುವ ಒಂದು ಮಳಿಗೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನೊಬ್ಬನಿರುವನೆಂದು ಇಟ್ಟುಕೊಳ್ಳಿ. ಮಳಿಗೆಯ ಒಡೆಯನು ಹೊರಗಿನ ತಜ್ಞನೊಬ್ಬನಿಂದ ತಂತ್ರಾಂಶವನ್ನು ಮಾಡಿಸುತ್ತಾನೆ. ತಜ್ಞನು ಜಾಣ. ಒಂದು ತಿಂಗಳು ಯಾವ ದೋಣಿಯವನು ಐಸ್ ಕೊಳ್ಳುವುದಿಲ್ಲವೋ ಅವನು ಬೇರೆ ಅಂಗಡಿಗೆ ಹೋದನೆಂದು ಎಣಿಸಿ, ಅಂಥವನ ಹೆಸರನ್ನು ಕೆಂಪು ಅಕ್ಷರದಲ್ಲಿ ತೋರಿಸುವಂತೆ ಯಂತ್ರಕ್ಕೆ ವಿಧಿಸುತ್ತಾನೆ. ಮೇ ತಿಂಗಳ ನಡುವೆ ನೋಡಿದರೆ ಪಟ್ಟಿಯೆಲ್ಲವೂ ಕೆಂಪು! ಕಾರಣವೇನು? ಮೀನುಗಳು ಮರಿಮಾಡುವ ಕಾಲವೆಂದು, ಬಂಗಾಳ ಕೊಲ್ಲಿಯ ಈ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರ ವರೆಗೆ, 61 ದಿನಗಳ ಕಾಲ, ಯಂತ್ರದೋಣಿಗಳು ಮೀನು ಹಿಡಿಯಲು ಹೋಗಬಾರದೆಂಬ ನಿಷೇಧವಿದೆ. ಗುಮಾಸ್ತನಿಗೆ ಇದು ಉಸಿರಾಟದಷ್ಟು ಸಹಜವಾದ ಸಂಗತಿ. ಅದನ್ನು ಹೇಳಬೇಕೆಂದು ಅವನಿಗೆ ತೋರಲಿಲ್ಲ, ಕೇಳಬೇಕೆಂದು ತಜ್ಞನಿಗೆ ಹೊಳೆಯಲಿಲ್ಲ.

ಈಗ ಅದನ್ನು ತಿದ್ದಿಸಬೇಕು. ತಜ್ಞನ ಕೈಯಲ್ಲಿ ಇನ್ನೂ ಹತ್ತು ಮಂದಿಯ ಕೆಲಸಗಳಿವೆ. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಈ ಕಾಯುವಿಕೆ ಇನ್ನೂ ಹೆಚ್ಚು. 1980ರ ದಶಕದ ಆದಿಯಲ್ಲಿಯೇ ಜೇಮ್ಸ್ ಮಾರ್ಟಿನ್ ಎಂಬ ಗಣಕಶಾಸ್ತ್ರದ ಲೇಖಕರು ‘ಅಪ್ಲಿಕೇಶನ್ ಡೆವಲಪ್‌ಮೆಂಟ್ ವಿದೌಟ್ ಪ್ರೋಗ್ರಾಮರ್ಸ್’ ಎಂಬ ಗ್ರಂಥವನ್ನು ಬರೆದರು. ಗಣಕಗಳು ಹೆಚ್ಚಿದಷ್ಟು ವೇಗವಾಗಿ ತಜ್ಞರು ಹೆಚ್ಚಲಾರರು, ಆದಕಾರಣ ಬಳಸುವವರೇ ತಮಗೆ ಬೇಕಾದುದನ್ನು ರಚಿಸಿಕೊಳ್ಳುವ ಸಾಧನಗಳು ಬೇಕು ಎಂಬುದು ಅದರ ತಿರುಳು.

ಇಂಥ ಸಾಧನಕ್ಕಾಗಿ ನಡೆದ ಪ್ರಯತ್ನಗಳ ಚರಿತ್ರೆಯು ಸ್ವಾರಸ್ಯವಾಗಿದೆ. ಮೊದಮೊದಲು ಗಣಕಕ್ಕೆ ಆಜ್ಞೆಗಳನ್ನು ಬರಿಯ ಅಂಕಿ ಸಂಕೇತಗಳಲ್ಲಿ ಕೊಡಬೇಕಾಗಿತ್ತು. ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಣಿಯಾಗಿದ್ದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆಯು ಇಂಗ್ಲಿಷ್ ಪದಗಳಿಂದಲೇ ಆಜ್ಞೆಗಳನ್ನು ಬರೆಯಬಹುದೆಂದು ತೋರಿಸಿದಳು. ಅವಳ ಕೆಲಸದ ಆಧಾರದ ಮೇಲೆ 1959ರಲ್ಲಿ ಒಂದು ಸಮಿತಿ ಕೂಡಿ ವ್ಯಾಪಾರದ ಲೆಕ್ಕಗಳಿಗಾಗಿ ಕೋಬಾಲ್ ಎಂಬ ಭಾಷೆಯನ್ನು ರೂಪಿಸತೊಡಗಿತು. ಆದರೂ ಅದು ತಜ್ಞರ ಭಾಷೆಯಾಗಿಯೇ ಉಳಿಯಿತು.

ನಿಜವಾಗಿ ಬಾಗಿಲನ್ನು ತೆರೆದವನು ಒಬ್ಬ ವಿದ್ಯಾರ್ಥಿ. 1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದನು. ಅಧ್ಯಾಪಕರು ಕರಿಹಲಗೆಯ ಮೇಲೆ ಲೆಕ್ಕದ ಕೋಷ್ಟಕವನ್ನು ಬರೆಯುತ್ತಿದ್ದರು. ಒಂದು ಮನೆಯ ಅಂಕಿಯಲ್ಲಿ ತಪ್ಪಾದರೆ ಅದನ್ನವಲಂಬಿಸಿದ ಮನೆಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಒಂದನ್ನು ತಿದ್ದಿದರೆ ಉಳಿದುವೆಲ್ಲ ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯಿದ್ದರೆ ಹೇಗೆ ಎಂದು ಅವನು ಯೋಚಿಸಿದನು. ಅವನೂ ಅವನ ಮಿತ್ರ ಬಾಬ್ ಫ್ರಾಂಕ್‌ಸ್ಟನ್ನನೂ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. ಇಂದು ಕಛೇರಿಗಳಲ್ಲೆಲ್ಲ ಕಾಣುವ ಎಕ್ಸೆಲ್ ಮೊದಲಾದ ಲೆಕ್ಕದ ಹಾಳೆಗಳಿಗೆ ಇದೇ ಮೂಲಪುರುಷ. “ಈ ಮನೆಯು ಆ ಎರಡು ಮನೆಗಳ ಗುಣಲಬ್ಧ” ಎಂದು ಹಾಳೆಯಲ್ಲಿ ಬರೆಯುವ ಗುಮಾಸ್ತನು ತನಗರಿವಿಲ್ಲದೆಯೇ ತಂತ್ರಾಂಶವನ್ನು ರಚಿಸುತ್ತಿರುತ್ತಾನೆ.

ಮುಂದಿನ ಹೆಜ್ಜೆಯಲ್ಲಿ ನಮ್ಮ ಚೆನ್ನೈಗೂ ಪಾಲುಂಟು. 1996ರಲ್ಲಿ ಶ್ರೀಧರ್ ವೆಂಬು ಮೊದಲಾದವರು ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಸ್ಥಾಪಿಸಿದ ಸಂಸ್ಥೆಯು 2009ರಲ್ಲಿ ಜೋಹೋ ಎಂಬ ಹೆಸರನ್ನು ತಾಳಿತು. ಅದು 2006ರಲ್ಲಿ ಜೋಹೋ ಕ್ರಿಯೇಟರ್ ಎಂಬ ಸಾಧನವನ್ನು ಹೊರತಂದಿತು. ಅಂಗಡಿಯವನೂ ಗುಮಾಸ್ತನೂ ಆಜ್ಞೆಗಳನ್ನು ಹೆಚ್ಚಾಗಿ ಬರೆಯದೆ, ತೆರೆಯ ಮೇಲೆ ಬೇಕಾದ ಅಂಗಗಳನ್ನು ಎಳೆದಿಟ್ಟು ಜೋಡಿಸಿ, ತಮ್ಮ ಕೆಲಸದ ತಂತ್ರಾಂಶವನ್ನು ಕಟ್ಟಿಕೊಳ್ಳಬೇಕೆಂಬುದೇ ಅದರ ಉದ್ದೇಶ. ಇದೇ ಜಾತಿಯ ಸಾಧನಗಳು ಈಗ ಪ್ರಪಂಚದಲ್ಲಿ ಅನೇಕವಿವೆ.

ಇವು ಕೆಲಸಮಾಡುವ ಬಗೆಯನ್ನು ನಮ್ಮ ಐಸ್ ಮಳಿಗೆಯ ಗುಮಾಸ್ತನಿಂದಲೇ ತಿಳಿಯೋಣ. ಮೊದಲು ಅವನು ಒಂದು ನಮೂನೆಯನ್ನು ಮಾಡುತ್ತಾನೆ. ಅದರಲ್ಲಿ ದೋಣಿಯ ಹೆಸರು, ದಿನಾಂಕ, ಗಡ್ಡೆಗಳ ಸಂಖ್ಯೆ, ದರ, ಸಂದಾಯವಾದ ಹಣ ಎಂಬ ಐದು ಮನೆಗಳಿರುತ್ತವೆ. ತುಂಬಿದ ನಮೂನೆಗಳೆಲ್ಲ ಒಂದು ಪಟ್ಟಿಯಲ್ಲಿ ಸಾಲುಸಾಲಾಗಿ ಸೇರುತ್ತವೆ. ಆ ಬಳಿಕ ನಿಯಮವನ್ನು ವಿಧಿಸಬೇಕು: ಗಡ್ಡೆಗಳನ್ನು ದರದಿಂದ ಗುಣಿಸಿ, ಸಂದಾಯವನ್ನು ಕಳೆದರೆ ಉಳಿಯುವುದು ಬಾಕಿ. ಎಣಿಕೆಯ ಸೌಕರ್ಯಕ್ಕಾಗಿ ದರವನ್ನು 100 ರೂಪಾಯಿ ಎಂದಿಟ್ಟುಕೊಂಡರೆ, 40 ಗಡ್ಡೆಗಳಿಗೆ 4,000 ರೂಪಾಯಿ. ಅದರಲ್ಲಿ 2,500 ಸಂದಿದ್ದರೆ ಬಾಕಿ 1,500. ನಿಷೇಧದ 61 ದಿನಗಳಲ್ಲಿ ಯಾರ ಹೆಸರನ್ನೂ ಕೆಂಪಾಗಿ ತೋರಿಸಕೂಡದೆಂಬುದು ಇನ್ನೊಂದು ನಿಯಮ. ಇದನ್ನು ಅವನು ಯಾರನ್ನೂ ಕಾಯದೆ ತಾನೇ ಸೇರಿಸುವನು. ಅನಂತರ ತಿಂಗಳ ಕೊನೆಗೆ ಬಾಕಿದಾರರನ್ನು ತೋರಿಸುವ ವರದಿ. ಕಡೆಯದಾಗಿ ಅಧಿಕಾರದ ವಿಂಗಡಣೆ, ಎಂದರೆ ಹುಡುಗರು ಹೊಸ ಸಾಲನ್ನು ಬರೆಯಬಹುದು, ಹಳೆಯ ಸಾಲನ್ನು ತಿದ್ದುವ ಹಕ್ಕು ಒಡೆಯನಿಗೆ ಮಾತ್ರ ಎಂದು ಗೊತ್ತುಮಾಡುವುದು. ನಮೂನೆ, ಪಟ್ಟಿ, ನಿಯಮ, ವರದಿ, ಅಧಿಕಾರ ಎಂಬ ಈ ಐದರಿಂದಲೇ ಕಛೇರಿಯ ಬಹುಪಾಲು ತಂತ್ರಾಂಶಗಳು ಆಗಿರುವುವು.

ಹೀಗಿರಲು ಗಾದೆಯ ಮಾತೇ ನಿಜವಾಯಿತು, ತಾನು ಮಾಡಿಕೊಂಡದ್ದೇ ಉತ್ತಮವಾಯಿತು ಎಂದು ಇಲ್ಲಿಗೇ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ವಿಷಯಕ್ಕೆ ಇನ್ನೊಂದು ಮುಖವುಂಟು.

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ಪ್ರಸಿದ್ಧ ಅರ್ಥಶಾಸ್ತ್ರಜ್ಞರು ದೇಶಗಳ ಸಾಲಕ್ಕೂ ಅವುಗಳ ಏಳಿಗೆಗೂ ಇರುವ ಸಂಬಂಧವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅನೇಕ ದೇಶಗಳ ರಾಜಕಾರಣಿಗಳು ಸರ್ಕಾರದ ವೆಚ್ಚವನ್ನು ತಗ್ಗಿಸಬೇಕೆಂದು ವಾದಿಸುವಾಗ ಅದನ್ನು ಆಧಾರವಾಗಿ ಹಿಡಿದರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಆ ಲೆಕ್ಕವನ್ನು ತಾನೂ ಮಾಡಿನೋಡಿದನು. ಉತ್ತರ ಕೂಡಲಿಲ್ಲ. ಲೇಖಕರಿಂದ ಅವರ ಲೆಕ್ಕದ ಹಾಳೆಯನ್ನೇ ಕೇಳಿ ಪಡೆದು ಪರೀಕ್ಷಿಸಲು, 20 ದೇಶಗಳ ಸರಾಸರಿಯನ್ನು ತೆಗೆಯಬೇಕಾದ ಕಡೆ ಸೂತ್ರವು ಮೊದಲ 15 ಸಾಲುಗಳಿಗೇ ನಿಂತುಹೋಗಿ 5 ದೇಶಗಳು ಬಿಟ್ಟುಹೋಗಿದ್ದುದು ತಿಳಿಯಿತು. ಲೆಕ್ಕದಲ್ಲಿ ಬೇರೆ ಆಕ್ಷೇಪಣೆಗಳೂ ಇದ್ದುವು. 2013ರಲ್ಲಿ ಇದು ಪ್ರಕಟವಾದಾಗ ಸೂತ್ರದ ತಪ್ಪನ್ನು ಲೇಖಕರೂ ಒಪ್ಪಿಕೊಂಡರು. ಪಂಡಿತರ ಹಾಳೆಯಲ್ಲಿಯೂ ತಪ್ಪು ಅಡಗಿ ಕುಳಿತಿರಬಹುದು. ಮತ್ತೊಬ್ಬನು ನೋಡುವವರೆಗೂ ಅದು ಕಾಣುವುದಿಲ್ಲ.

ಇನ್ನೊಂದು ಪ್ರಕರಣವು ಇದಕ್ಕಿಂತ ಗಂಭೀರವಾದುದು. 2020ರಲ್ಲಿ ಕೊರೋನಾ ವ್ಯಾಧಿ ಹರಡಿದ್ದಾಗ, ಇಂಗ್ಲೆಂಡಿನ ಆರೋಗ್ಯ ಇಲಾಖೆಯು ಪ್ರಯೋಗಶಾಲೆಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗಳಲ್ಲಿ ತುಂಬಿ ಮುಂದಕ್ಕೆ ಸಾಗಿಸುತ್ತಿತ್ತು. ಆ ಮಾದರಿಯ ಒಂದು ಹಾಳೆಯಲ್ಲಿ ಹಿಡಿಸುವುದು 65,536 ಸಾಲುಗಳು ಮಾತ್ರ. ಎರಡನ್ನು ಹದಿನಾರು ಸಲ ಇಟ್ಟು ಗುಣಿಸಿದರೆ ಈ ಸಂಖ್ಯೆ ಬರುವುದೆಂಬುದನ್ನು ನೀವೇ ಲೆಕ್ಕಮಾಡಿ ನೋಡಬಹುದು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದುವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗೆ 15,841 ರೋಗಿಗಳ ವಿವರ ಹೀಗೆ ಲೆಕ್ಕಕ್ಕೆ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದಿದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು. ಕಛೇರಿಯ ಸಣ್ಣ ಪಟ್ಟಿಗಳಿಗೆ ತಕ್ಕುದಾದ ಸಾಧನವನ್ನು ಒಂದು ದೇಶದ ಜನರ ಪ್ರಾಣದ ಲೆಕ್ಕಕ್ಕೆ ಹಚ್ಚಿದುದರ ಫಲವಿದು.

ಮೂರನೆಯ ತೊಡಕನ್ನು ತಿಳಿಯಲು ಮತ್ತೆ ರಾಯಪುರಂಗೆ ಬರೋಣ. ದಕ್ಷಿಣ ಭಾರತದ ಮೊದಲನೆಯ ಪ್ರಯಾಣಿಕರ ರೈಲು 1856ರಲ್ಲಿ ಹೊರಟದ್ದು ರಾಯಪುರಂ ನಿಲ್ದಾಣದಿಂದ, ಸೇರಿದ್ದು ವಾಲಾಜಾ ರೋಡನ್ನು. ಅಂದಿನ ಮದರಾಸು ರೈಲ್ವೆಯ ಕಂಬಿಗಳ ನಡುವಣ ಅಂತರ 5 ಅಡಿ 6 ಅಂಗುಲ. ಈ ಅಗಲದ ಹಾದಿಯೇ 1864ರಲ್ಲಿ ಬೆಂಗಳೂರನ್ನು ಮುಟ್ಟಿತು. ಆದರೆ ಬೆಂಗಳೂರಿನಿಂದ ಮೈಸೂರಿಗೆ 1880ರ ಸುಮಾರಿನಲ್ಲಿ ಹಾಕಿದ ಹಾದಿಯ ಅಗಲ ಒಂದೇ ಮೀಟರು. ಎರಡು ಹಾದಿಗಳೂ ತಮ್ಮತಮ್ಮ ಮಟ್ಟಿಗೆ ಚೆನ್ನಾಗಿದ್ದುವು. ಆದರೂ ಮದರಾಸಿನಿಂದ ಹೊರಟ ಬಂಡಿಯು ಮೈಸೂರಿನವರೆಗೆ ಓಡಲಾರದೆ, ಜನರೂ ಸರಕೂ ಬೆಂಗಳೂರಿನಲ್ಲಿ ಇಳಿದು ಬೇರೆ ಬಂಡಿಯನ್ನು ಏರಬೇಕಾಗಿತ್ತು. ಈ ಕಷ್ಟ ಬಹುಕಾಲ ನಡೆಯಿತು.

ಒಂದೇ ಸಂಸ್ಥೆಯ ಮೂವರು ಗುಮಾಸ್ತರು ಮೂರು ತಂತ್ರಾಂಶಗಳನ್ನು ಮಾಡಿಕೊಂಡರೂ ಹೀಗೆಯೇ ಆಗುವುದು. ಐಸ್ ಲೆಕ್ಕದವನು ದೋಣಿಯ ಹೆಸರನ್ನು ಬರೆಯುವನು. ಡೀಸೆಲ್ ಲೆಕ್ಕದವನು ಒಡೆಯನ ಹೆಸರನ್ನು ಬರೆಯುವನು. ಹರಾಜಿನ ಲೆಕ್ಕದವನು ಅದೇ ಹೆಸರನ್ನು ಬೇರೆ ಕಾಗುಣಿತದಲ್ಲಿ ಬರೆಯುವನು. ಮೂರನ್ನೂ ಕೂಡಿಸಿ ಒಂದು ದೋಣಿಯ ಲಾಭನಷ್ಟವನ್ನು ನೋಡಬೇಕೆಂದರೆ ಲೆಕ್ಕಗಳು ಕೂಡುವುದೇ ಇಲ್ಲ. ದೋಣಿಯ ನೋಂದಣಿ ಸಂಖ್ಯೆಯನ್ನು ಮೂವರೂ ಮೊದಲೇ ಗೊತ್ತುಮಾಡಿಕೊಂಡು ಬರೆದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಬಂಡಿಯನ್ನು ಯಾರು ಬೇಕಾದರೂ ಮಾಡಲಿ, ಕಂಬಿಯ ಅಗಲ ಮಾತ್ರ ಎಲ್ಲರಿಗೂ ಒಂದೇ ಇರಬೇಕು.

ನಾಲ್ಕನೆಯ ತೊಡಕು ಕನ್ನಡನಾಡಿಗೆ ಹಳೆಯ ಪರಿಚಯದ್ದು. ಹಿಂದಿನ ಕಾಲದಲ್ಲಿ ಊರಿನ ಭೂಮಿಯ ಲೆಕ್ಕವನ್ನು ಶಾನುಭೋಗನು ಬರೆಯುತ್ತಿದ್ದನು. ಯಾವ ಹೊಲ ಯಾರದು, ಯಾವ ಕೆರೆಯ ನೀರು ಎಲ್ಲಿಗೆ ಹರಿಯುವುದು ಎಂಬುದನ್ನು ಅವನಂತೆ ಬಲ್ಲವರಿರಲಿಲ್ಲ. ಕೆಲಸ ಬಲ್ಲವನೇ ಲೆಕ್ಕದ ಕಟ್ಟನ್ನೂ ಇಟ್ಟುಕೊಂಡಿದ್ದನು. ಆದರೆ ಆ ಹುದ್ದೆ ವಂಶಪಾರಂಪರ್ಯವಾದುದು, ಲೆಕ್ಕದ ಕಟ್ಟುಗಳು ಅವನ ಮನೆಯಲ್ಲಿರುವುವು. ರೈತನಾದವನು ತನ್ನ ಹೊಲದ ವಿವರವನ್ನು ಅರಿಯಲು ಅವನ ಬಾಗಿಲಿಗೇ ಹೋಗಿ ನಿಲ್ಲಬೇಕಾಗಿತ್ತು. ಅವನು ಧರ್ಮಿಷ್ಠನಾದರೆ ಊರಿಗೆ ಪುಣ್ಯ, ಅಲ್ಲದಿದ್ದರೆ ರೈತನ ಗತಿಯೇನು? ಅಂದಿನ ಮೈಸೂರು ರಾಜ್ಯವು 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡಿತು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದರ ತಂತ್ರಾಂಶವನ್ನು ರಚಿಸಿದವರು ಗ್ರಾಮ ಲೆಕ್ಕಿಗರಲ್ಲ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಜ್ಞರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದೂ, ತಿದ್ದುವ ಅಧಿಕಾರಿಯು ಬೆರಳಚ್ಚಿನಿಂದ ತನ್ನ ಗುರುತನ್ನು ಕೊಡಬೇಕೆಂದೂ ಅದರಲ್ಲಿ ವಿಧಿಸಲಾಯಿತು. ಇನ್ನೊಬ್ಬರ ಹಕ್ಕು ಯಾವುದರ ಮೇಲೆ ನಿಂತಿದೆಯೋ ಆ ಲೆಕ್ಕವು ಒಬ್ಬನ ಕೈಯಲ್ಲಿ, ಒಬ್ಬನಿಗೆ ಮಾತ್ರ ತಿಳಿಯುವಂತೆ ಇರಬಾರದೆಂಬುದೇ ಇದರ ತಾತ್ಪರ್ಯ. ಗುಮಾಸ್ತನು ತಾನೇ ರಚಿಸಿ, ಯಾರಿಗೂ ತಿಳಿಸದೆ, ಒಂದು ದಿನ ಕೆಲಸ ಬಿಟ್ಟುಹೋದರೆ ಅವನ ತಂತ್ರಾಂಶವೂ ಬೀಗದ ಕೈ ಕಳೆದ ಪೆಟ್ಟಿಗೆಯಂತಾಗುವುದು.

ಈಚಿನ ವರ್ಷಗಳಲ್ಲಿ ಈ ವಿಚಾರಕ್ಕೆ ಮತ್ತಷ್ಟು ಮಹತ್ವ ಬಂದಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ನಮಗೆ ಬೇಕಾದುದನ್ನು ಸಾಧಾರಣ ಮಾತಿನಲ್ಲಿ ಹೇಳಿದರೆ ಸಾಕು, ಆಜ್ಞೆಗಳನ್ನು ಅವೇ ಬರೆದುಕೊಡುತ್ತವೆ. ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತವೆ. ಕೋಬಾಲಿನ ಕಾಲದಲ್ಲಿ ಇಂಗ್ಲಿಷಿನ ಮೂಲಕವೇ ಹೋಗಬೇಕಾಗಿದ್ದ ಹಾದಿಯು ಈಗ ನಮ್ಮ ನುಡಿಗೂ ತೆರೆಯುತ್ತಿದೆ. ಆದರೆ ಬರೆದುಕೊಟ್ಟುದು ಸರಿಯೋ ತಪ್ಪೋ ಎಂಬುದನ್ನು ನೋಡುವ ಭಾರ ಕೇಳಿದವನ ಮೇಲೆಯೇ ಇರುವುದು. ಅದನ್ನು ನೋಡುವ ಬಗೆ ನಿಮಗೆ ಹೊಸದಲ್ಲ. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳಿರುವಂತೆ, ಉತ್ತರವು ಮೊದಲೇ ಗೊತ್ತಿರುವ ಹತ್ತು ಲೆಕ್ಕಗಳನ್ನು ಕೈಯಿಂದ ಮಾಡಿಟ್ಟುಕೊಂಡು ಯಂತ್ರಕ್ಕೆ ಕೊಡಬೇಕು. ಹತ್ತೂ ಕೂಡಿದರೆ ನಂಬಿಕೆಗೆ ಆಧಾರ ದೊರೆಯಿತು. ಒಂದು ತಪ್ಪಿದರೂ ನಿಂತು ವಿಚಾರಿಸಬೇಕು. ಸೊನ್ನೆ ಬಂದರೆ, ಮನೆ ಖಾಲಿಯಾಗಿದ್ದರೆ, ಪಟ್ಟಿ ತುಂಬಿಹೋದರೆ ಏನಾಗುವುದೆಂಬುದನ್ನೂ ಪರೀಕ್ಷಿಸಬೇಕು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಕೆಲಸ ಬಲ್ಲವನು ತನ್ನ ಸಾಧನವನ್ನು ತಾನೇ ರಚಿಸಿಕೊಳ್ಳಲಿ. ಅದು ಅವನ ಸಮಯವನ್ನು ಉಳಿಸುವುದಲ್ಲದೆ, ಅವನ ಅನುಭವಕ್ಕೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸುತ್ತದೆ. ತಪ್ಪಿನ ಫಲವು ಅವನ ಮೇಜಿನಾಚೆಗೆ ಹೋಗದಿರುವಷ್ಟು ದಿನ ಯಾರೂ ಅಡ್ಡಬರಬೇಕಾದುದಿಲ್ಲ. ಆದರೆ ಯಾವ ದಿನ ಆ ಸಾಧನವನ್ನು ಇನ್ನೊಬ್ಬರು ನಂಬತೊಡಗುವರೋ, ಯಾರದೋ ಸಂಬಳವೋ ಭೂಮಿಯೋ ಔಷಧಿಯೋ ಅದರ ಮೇಲೆ ನಿಲ್ಲುವುದೋ, ಅಂದಿನಿಂದ ಅದು ಅವನೊಬ್ಬನದಲ್ಲ. ಅದರ ನಿಯಮಗಳನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆದಿಡಬೇಕು, ಮತ್ತೊಬ್ಬರಿಗೆ ತೋರಿಸಬೇಕು, ಪ್ರತಿಯೊಂದನ್ನು ಬೇರೆ ಕಡೆ ಇಡಬೇಕು, ತಜ್ಞರ ಪರೀಕ್ಷೆಗೆ ಒಪ್ಪಿಸಬೇಕು. ಜನರ ಸ್ವಂತ ವಿವರಗಳನ್ನು ಕಾಪಾಡಬೇಕೆಂದು ನಮ್ಮ ದೇಶದಲ್ಲಿ 2023ರಲ್ಲಿ ಶಾಸನವೂ ಆಗಿದೆ. ಇಲ್ಲಿ ತಜ್ಞನ ಸ್ಥಾನವು ಕಡಿಮೆಯಾಗುವುದಿಲ್ಲ. ಎಲ್ಲ ಬಂಡಿಗಳನ್ನೂ ತಾನೇ ಮಾಡುವುದಕ್ಕೆ ಬದಲಾಗಿ ಕಂಬಿಗಳನ್ನು ಸರಿಯಾಗಿ ಹಾಕಿ, ಬಂಡಿಗಳನ್ನು ಪರೀಕ್ಷಿಸುವ ಹೆಚ್ಚಿನ ಹೊಣೆ ಅವನದಾಗುವುದು.

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ನೀವು ಉದ್ಯೋಗಕ್ಕೆ ಸೇರುವವರೆಗೆ ಕಾಯಬೇಕಾಗಿಲ್ಲ. ತರಗತಿಯ ಪುಸ್ತಕಗಳನ್ನು ಯಾರು ಒಯ್ದರು, ಯಾವಾಗ ಹಿಂದಕ್ಕೆ ಕೊಟ್ಟರು ಎಂಬ ಒಂದು ಪಟ್ಟಿಯನ್ನು ಗಣಕದ ಹಾಳೆಯಲ್ಲಿ ಮಾಡಿನೋಡಿ. ಮನೆಗಳ ಹೆಸರುಗಳು ಕನ್ನಡದಲ್ಲಿಯೇ ಇರಲಿ. ಒಂದೇ ಹೆಸರಿನ ಇಬ್ಬರು ಹುಡುಗರಿದ್ದರೆ ಏನು ಮಾಡಬೇಕು, ಕಳೆದುಹೋದ ಪುಸ್ತಕವನ್ನು ಎಲ್ಲಿ ಬರೆಯಬೇಕು, ರಜೆಯ ದಿನಗಳನ್ನು ಎಣಿಸಬೇಕೆ ಬೇಡವೆ ಎಂಬ ಪ್ರಶ್ನೆಗಳು ಮೊದಲ ವಾರದಲ್ಲಿಯೇ ಎದುರಾಗುವುವು. ಒಂದೊಂದಕ್ಕೂ ಯೋಚಿಸಿ ನಿಯಮವನ್ನು ಗೊತ್ತುಮಾಡಿ ಬರೆದಿಡಿ. ಆಮೇಲೆ ಆ ಹಾಳೆಯನ್ನು ಕೆಳಗಿನ ತರಗತಿಯ ಒಬ್ಬ ಬಾಲಕನ ಕೈಗೆ ಕೊಟ್ಟು, ನೀವು ಒಂದು ಮಾತನ್ನೂ ಆಡದೆ ನೋಡುತ್ತಿರಿ. ನಿಮ್ಮ ನೆರವಿಲ್ಲದೆ ಅವನು ಅದನ್ನು ನಡೆಸಬಲ್ಲವನಾದರೆ ನೀವು ಮಾಡಿದ ಕೆಲಸ ಉತ್ತಮವಾದುದೆಂದು ನಿಸ್ಸಂದೇಹವಾಗಿ ತಿಳಿಯಬಹುದು.